ಗಣಿಯಿಲ್ಲದ ನದಿಗೆ ತುಕ್ಕು ಹಿಡಿದದ್ದು

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳಿಗೆ ಬದಲಾಗಿ ಅಲ್ಲಲ್ಲಿ ಒಂದೆರಡು ವಾಕ್ಯ ಹೆಚ್ಚಾಗಿವೆ.)

ಅಲಾಸ್ಕಾದ ವಾಯವ್ಯ ಮೂಲೆಯಲ್ಲಿ ಬಾಬ್ ಬೇಕರ್ ಎಂಬ ವಿಮಾನಚಾಲಕನಿದ್ದ. ರಸ್ತೆಗಳೇ ಇಲ್ಲದ ಸೀಮೆ ಅದು. ಜನ, ಟಪಾಲು, ದಿನಸಿ ಎಲ್ಲವೂ ಪುಟ್ಟ ವಿಮಾನಗಳಲ್ಲೇ ಓಡಾಡಬೇಕು. ಬೇಕರನಿಗೆ ಹಾರಾಟ ಕಸುಬಾದರೆ ಅದಿರು ಹುಡುಕುವುದು ಗೀಳು. ಜೊತೆಗೊಂದು ಕೆಂಗಂದು ಬಣ್ಣದ ನಾಯಿ. ಬ್ರೂಕ್ಸ್ ಪರ್ವತಶ್ರೇಣಿಯ ಪಶ್ಚಿಮದ ಗುಡ್ಡಗಳ ಮೇಲೆ ಹಾರುವಾಗ ಕೆಲವು ತೊರೆಗಳ ಪಾತ್ರ ತುಕ್ಕಿನ ಬಣ್ಣಕ್ಕೆ ತಿರುಗಿರುವುದನ್ನು ಅವನು ನೋಡಿದ, ಭೂವಿಜ್ಞಾನಿಗಳಿಗೆ ಹೇಳಿದ. 1968ರಲ್ಲಿ ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರು ಅಲ್ಲಿಗೆ ಹೋಗಿ ಮಾದರಿಗಳನ್ನು ತಂದು ಪರೀಕ್ಷಿಸಿದಾಗ ಸತು ಮತ್ತು ಸೀಸ ಧಾರಾಳವಾಗಿ ಸಿಕ್ಕಿದವು. ತೊರೆಗೆ ನಾಯಿಯ ಹೆಸರೇ ನಿಂತಿತು: ರೆಡ್ ಡಾಗ್. 1989ರಲ್ಲಿ ಅಲ್ಲಿ ಗಣಿ ಶುರುವಾಯಿತು. ಇಂದು ಜಗತ್ತಿನ ಅತಿ ದೊಡ್ಡ ಸತುವಿನ ಗಣಿಗಳಲ್ಲಿ ಅದೂ ಒಂದು.

ಈ ಕಥೆಯಲ್ಲಿ ನನಗೆ ಬೇಕಾದದ್ದು ಗಣಿಯಲ್ಲ, ಘಟನೆಗಳ ಅನುಕ್ರಮ. ಗಣಿ ಬಂದದ್ದರಿಂದ ತೊರೆ ಕೆಂಪಾಗಲಿಲ್ಲ. ತೊರೆ ಕೆಂಪಾಗಿದ್ದರಿಂದ ಗಣಿ ಬಂತು. ಒಬ್ಬ ಮನುಷ್ಯನೂ ಗುದ್ದಲಿ ಇಡುವ ಮೊದಲೇ ಆ ನೀರಿನಲ್ಲಿ ಮೀನು ಬದುಕಲಾರದಷ್ಟು ಸತು, ಕ್ಯಾಡ್ಮಿಯಂ ಇದ್ದವು. ಬಂಡೆ ತಾನೇ ಕರಗಿ ಕೊಟ್ಟದ್ದು ಅದು.

ಅದೇ ಪರ್ವತಶ್ರೇಣಿಯಲ್ಲಿ, ಪೂರ್ವಕ್ಕೆ ಸರಿದರೆ, ಸಾಲ್ಮನ್ ಎಂಬ ನದಿಯಿದೆ. ಕೊಬುಕ್ ಕಣಿವೆಯ ರಾಷ್ಟ್ರೀಯ ಉದ್ಯಾನದೊಳಗೇ ಹುಟ್ಟಿ, ಅದರೊಳಗೇ ಹರಿದು ಕೊಬುಕ್ ನದಿಯನ್ನು ಸೇರುತ್ತದೆ. ತಳದ ಒಂದೊಂದು ಕಲ್ಲೂ ಕಾಣುವಷ್ಟು ತಿಳಿಯಾದ ನೀರು ಎಂದು ಹೆಸರಾಗಿತ್ತು. 1980ರಲ್ಲಿ ಅಮೆರಿಕದ ಸಂಸತ್ತು ಅದನ್ನು ಕೈಹಚ್ಚಬಾರದ ಕಾಡುನದಿಗಳ ಪಟ್ಟಿಗೆ ಸೇರಿಸಿತು. ಅಲ್ಲಿ ಗಣಿಯಿಲ್ಲ, ಕಾರ್ಖಾನೆಯಿಲ್ಲ, ಊರೂ ಇಲ್ಲ. 2019ರ ಬೇಸಿಗೆಯಲ್ಲಿ ಆ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಯಾರೂ ಏನೂ ಹಾಕದ ನದಿಗೆ ಇದು ಎಲ್ಲಿಂದ ಬಂತು? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ಮೊದಲು ಒಂದು ತಪ್ಪೊಪ್ಪಿಗೆ. ಬಂಡೆಯ ಶಿಥಿಲೀಕರಣದ ಪಾಠವನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಒಂದೇ ರೀತಿ ಹೇಳಿದ್ದೇನೆ. ಬಿಸಿಲು, ಮಳೆ ಹೆಚ್ಚಿರುವ ಕಡೆ ಬಂಡೆ ರಾಸಾಯನಿಕವಾಗಿ ಕೊಳೆಯುತ್ತದೆ. ಚಳಿ ಇರುವ ಕಡೆ ಬರೀ ಒಡೆಯುತ್ತದೆ. ಮಂಗಳೂರಿನ ಕೆಂಪುಕಲ್ಲು ಒಂದು ತುದಿ, ಹಿಮಾಲಯದ ಜಲ್ಲಿರಾಶಿ ಇನ್ನೊಂದು ತುದಿ. ಪರೀಕ್ಷೆಗೆ ಇಷ್ಟು ಸಾಕು, ಅಂಕವೂ ಸಿಗುತ್ತದೆ. ಆದರೆ ನದಿಯ ನೀರನ್ನು ಬಾಟಲಿಗೆ ತುಂಬಿ ಅಳೆದವರು ಕಂಡದ್ದು ಬೇರೆಯೇ.

ಕೆಂಪುಕಲ್ಲನ್ನೇ ನೋಡಿ. ಕರಾವಳಿಯಲ್ಲಿ ಮನೆ ಕಟ್ಟಲು ಕಡಿಯುವ ಆ ಕಲ್ಲು ಲಕ್ಷಾಂತರ ವರ್ಷ ಮಳೆ ತೊಳೆದ ಮೇಲೆ ಉಳಿದ ಗಸಿ. ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ಎಲ್ಲ ಯಾವತ್ತೋ ಸಮುದ್ರ ಸೇರಿವೆ, ಸಿಲಿಕಾದ ದೊಡ್ಡ ಪಾಲೂ ಹೋಗಿದೆ. ಉಳಿದದ್ದು ಕಬ್ಬಿಣ, ಅಲ್ಯುಮಿನಿಯಂ. ಗಾಳಿಯಾಡುವ, ಹುಳಿಯಿಲ್ಲದ ನೀರಿನಲ್ಲಿ ಕಬ್ಬಿಣ ಕರಗುವುದೇ ಇಲ್ಲ, ಅದಕ್ಕೇ ಗುಡ್ಡದಲ್ಲೇ ಕುಳಿತಿದೆ. ಮಳೆಗಾಲದಲ್ಲಿ ನಮ್ಮ ಹೊಳೆಗಳು ಕೆಂಪಾಗುತ್ತವಲ್ಲ, ಅದು ಕರಗಿದ ಕಬ್ಬಿಣವಲ್ಲ, ತೇಲುವ ಮಣ್ಣು. ಒಂದು ಚೊಂಬು ಹಿಡಿದಿಟ್ಟರೆ ತಳ ಕಾಣುತ್ತದೆ. ನಾಲ್ಕು ಸಲ ಕುದಿಸಿದ ಚಹಾಪುಡಿಯಿಂದ ಐದನೆಯ ಸಲ ಏನು ಇಳಿಯುತ್ತದೆ?

ಶೀತವಲಯದ ಬಂಡೆ ಹೊಸ ಪೊಟ್ಟಣದ ಚಹಾಪುಡಿ. ಹಿಮನದಿಗಳು ಮೇಲಿನ ಕೊಳೆತ ಪದರವನ್ನೆಲ್ಲ ಕೆರೆದು ಸಾಗಿಸಿ, ಅಡಿಯ ಗಟ್ಟಿ ಬಂಡೆಯನ್ನು ತೆರೆದಿಟ್ಟು, ಅದನ್ನೂ ಹಿಟ್ಟಿನಂತೆ ಅರೆದಿಟ್ಟಿವೆ. ಬಿರುಕಿನಲ್ಲಿ ಹೆಪ್ಪುಗಟ್ಟುವ ನೀರು ಪ್ರತಿ ವರ್ಷ ಹೊಸ ಮುಖಗಳನ್ನು ಒಡೆದು ಕೊಡುತ್ತದೆ. ನೀರು ತಣ್ಣಗಿದೆ, ಕ್ರಿಯೆ ನಿಧಾನ, ನಿಜ. ಫೆಲ್ಡ್‌ಸ್ಪಾರ್‌ನಂಥ ಸಿಲಿಕೇಟುಗಳ ವಿಷಯದಲ್ಲಿ ಪಾಠ ಸುಳ್ಳಲ್ಲ. ಚಳಿಯಲ್ಲಿ ಅವು ಜಪ್ಪಯ್ಯ ಎಂದರೂ ಬೇಗ ಕರಗುವುದಿಲ್ಲ. ಆದರೆ ಎಲ್ಲ ಖನಿಜಗಳೂ ಚಳಿಗೆ ಹೆದರುವುದಿಲ್ಲ. ಸುಣ್ಣಕಲ್ಲಿನ ಕ್ಯಾಲ್ಸೈಟ್ ಬಿಸಿನೀರಿಗಿಂತ ತಣ್ಣೀರಿನಲ್ಲೇ ಹೆಚ್ಚು ಕರಗುತ್ತದೆ. ಆಮ್ಲಜನಕವೂ ಹಾಗೆಯೇ: 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, ಹಿಮ ಕರಗಿದ ಸೊನ್ನೆ ಡಿಗ್ರಿಯ ನೀರು 14 ಮಿಲಿಗ್ರಾಂ ದಾಟಿಸುತ್ತದೆ. ಬಂಡೆಯೊಳಗೆ ತುಕ್ಕು ಹಿಡಿಯಲು ಕಾದಿರುವ ಖನಿಜ ಇದ್ದರೆ ತಣ್ಣೀರು ಅದಕ್ಕೆ ಬೇಕಾದ ಸಾಮಾನನ್ನು ಹೊತ್ತೇ ತರುತ್ತದೆ.

ಇಲ್ಲಿ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಿ, ಉಳಿದವನ್ನು ಮರೆತರೂ ಪರವಾಗಿಲ್ಲ. ಹಿಮಾಲಯದ ಪಶ್ಚಿಮ ತುದಿಯ ನಂಗಾ ಪರ್ವತದ ಬುಡದಲ್ಲಿ ರೈಕೋಟ್ ಎಂಬ ಹಿಮನದಿಯ ಕಣಿವೆಯಿದೆ. ಬಹುಪಾಲು ಗ್ರಾನೈಟ್ ಜಾತಿಯ ಬಂಡೆ. ಕ್ಯಾಲ್ಸೈಟ್‌ನಂಥ ಕಾರ್ಬೊನೇಟ್ ಇರುವುದು ಶೇಕಡ 1ರಷ್ಟು ಮಾತ್ರ. ಅಲ್ಲಿನ ನೀರನ್ನು ಜೋಯೆಲ್ ಬ್ಲಮ್ ಮತ್ತು ಸಂಗಡಿಗರು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು. ನದಿ ಹೊತ್ತೊಯ್ಯುವ ಬೈಕಾರ್ಬೊನೇಟಿನಲ್ಲಿ (ಬಂಡೆ ಕರಗಿದಾಗ ನೀರಿಗಿಳಿಯುವ ಒಂದು ಲವಣಾಂಶ) ಶೇಕಡ 82 ಭಾಗ ಬರುವುದು ಆ ಶೇಕಡ 1ರಿಂದ. ಉಳಿದ ತೊಂಬತ್ತೊಂಬತ್ತು ಪಾಲು ಬಂಡೆ ಕೊಡುವುದು ಬರೀ ಹದಿನೆಂಟು. ಶೀತದೇಶದ ನದಿಯ ರಸಾಯನವನ್ನು ನಡೆಸುವುದು ಬಂಡೆಯ ಬಹುಮತವಲ್ಲ, ಅದರೊಳಗೆ ಅಡಗಿರುವ ಚಿಟಿಕೆಯಷ್ಟು ಚುರುಕು ಖನಿಜ. ಲೋಹಗಳ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ. ಬಂಡೆಯಲ್ಲಿ ಎಷ್ಟು ಸತುವಿದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅದು ಯಾವ ಖನಿಜದೊಳಗೆ ಕುಳಿತಿದೆ ಎಂದು ಕೇಳಬೇಕು.

ಈಗ ಆ ಖನಿಜಕ್ಕೆ ಬರೋಣ. ಪೈರೈಟ್. ಕಬ್ಬಿಣ ಮತ್ತು ಗಂಧಕದ ಜೋಡಿ, ಹಿತ್ತಾಳೆಯ ಹೊಳಪು. ಅನೇಕರು ಇದನ್ನು ಕಾಗೆಬಂಗಾರ ಎಂದುಕೊಳ್ಳುತ್ತಾರೆ. ಕಾಗೆಬಂಗಾರ ಅಭ್ರಕ, ಪದರ ಪದರವಾಗಿ ಏಳುತ್ತದೆ. ಪೈರೈಟ್ ಏಳುವುದಿಲ್ಲ, ಸುತ್ತಿಗೆಯಿಂದ ಹೊಡೆದರೆ ಗಂಧಕದ ವಾಸನೆ ಬರುತ್ತದೆ. ಕಪ್ಪು ಜೇಡಿಶಿಲೆಗಳಲ್ಲಿ ಇದು ಹೇರಳ. ಬ್ರೂಕ್ಸ್ ಶ್ರೇಣಿಯ ಪಶ್ಚಿಮ ಭಾಗದ ಕಪ್ಪುಶಿಲೆ 30 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರತಳದ ಕೆಸರಾಗಿತ್ತು. ಗಾಳಿಯಿಲ್ಲದ ಆ ಕೆಸರಿನಲ್ಲಿ ಗಂಧಕ ಸಿಕ್ಕ ಸಿಕ್ಕ ಲೋಹವನ್ನೆಲ್ಲ ಹಿಡಿದುಕೊಂಡಿತು. ಪೈರೈಟಿನ ಹರಳಿನೊಳಗೆ ನಿಕಲ್, ಕೋಬಾಲ್ಟ್, ಆರ್ಸೆನಿಕ್ ನುಸುಳಿದವು. ಸತುವಿಗೆ ತನ್ನದೇ ಸಲ್ಫೈಡ್, ಅಂದರೆ ಗಂಧಕ ಕೂಡಿದ ಖನಿಜ, ಇದೆ, ಸ್ಫಾಲರೈಟ್, ಅದರೊಳಗೆ ಕ್ಯಾಡ್ಮಿಯಂ. ಇವನ್ನೇ ನಾವು ಲೇಶಲೋಹಗಳು ಎನ್ನುವುದು. ಬಂಡೆಯಲ್ಲೂ ಲೇಶ, ನೀರಿನಲ್ಲೂ ಲೇಶ. ನೀರಿನಲ್ಲಿ ಅಳೆಯುವುದು ಲೀಟರಿಗೆ ಮೈಕ್ರೋಗ್ರಾಂಗಳಲ್ಲಿ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗದ ಲೆಕ್ಕದಲ್ಲಿ.

ಪೈರೈಟಿಗೆ ನೀರು ಮತ್ತು ಗಾಳಿ ಎರಡೂ ಒಟ್ಟಿಗೆ ತಾಗಿದರೆ ಅದು ಉಳಿಯುವುದಿಲ್ಲ. ಗಂಧಕ ಗಂಧಕಾಮ್ಲವಾಗುತ್ತದೆ, ಕಬ್ಬಿಣ ನೀರಿಗೆ ಇಳಿಯುತ್ತದೆ. ನಮ್ಮ ಹಿರಿಯರು ಅನ್ನಭೇದಿ ಎಂದು ಕರೆಯುತ್ತಿದ್ದ ಹಸಿರು ಹರಳು ಇದೇ ಕಬ್ಬಿಣದ ಸಲ್ಫೇಟ್. ಹೀಗೆ ಇಳಿದ ಕಬ್ಬಿಣಕ್ಕೆ ಮೊದಲು ಬಣ್ಣವೇ ಇರುವುದಿಲ್ಲ. ಇದನ್ನು ನೋಡಲು ಅಲಾಸ್ಕಾಕ್ಕೆ ಹೋಗಬೇಕಿಲ್ಲ. ಕೆಲವು ಕೊಳವೆಬಾವಿಗಳ ನೀರು ಪಂಪಿನಿಂದ ಬರುವಾಗ ತಿಳಿಯಾಗಿರುತ್ತದೆ. ಬಕೆಟ್ಟಿನಲ್ಲಿಟ್ಟು ಬೆಳಿಗ್ಗೆ ನೋಡಿದರೆ ಮೇಲೆ ಎಣ್ಣೆಯಂಥ ಕೆನೆ, ತಳದಲ್ಲಿ ಕೆಂಪು ಗಷ್ಟು, ಬಿಳಿಯ ಪಂಚೆ ನೆನೆಸಿದವರಿಗೆ ಬೈಗುಳ. ನೆಲದಡಿಯ ನೀರಿನಲ್ಲಿ ಆಮ್ಲಜನಕವಿಲ್ಲದ ಕಾರಣ ಕಬ್ಬಿಣ ಕರಗಿಕೊಂಡಿತ್ತು. ಗಾಳಿ ತಾಗಿದ್ದೇ ತಡ ತುಕ್ಕಾಗಿ ಇಳಿಯಿತು. ಸಾಲ್ಮನ್ ನದಿಯ ಕಿತ್ತಳೆ ಬಣ್ಣ ಇದೇ ಬಕೆಟ್ಟಿನ ತಳ, ಮೈಲುಗಟ್ಟಲೆ ಉದ್ದಕ್ಕೆ ಹರಡಿದ್ದು.

ಒಂದು ವ್ಯತ್ಯಾಸವಿದೆ. ನೀರು ಹುಳಿಯಾಗಿದ್ದಾಗ ಕಬ್ಬಿಣಕ್ಕೆ ಗಾಳಿಯೊಂದರಿಂದಲೇ ತುಕ್ಕು ಹಿಡಿಯುವುದು ತೀರಾ ನಿಧಾನ, ವರ್ಷಗಟ್ಟಲೆ ಬೇಕು. ಆ ಕೆಲಸವನ್ನು ಬ್ಯಾಕ್ಟೀರಿಯಾ ವಹಿಸಿಕೊಳ್ಳುತ್ತವೆ. ಕಬ್ಬಿಣವನ್ನು ಆಮ್ಲಜನಕದಿಂದ ಉತ್ಕರ್ಷಿಸಿ (ತುಕ್ಕಿನಲ್ಲಿರುವ ರೂಪಕ್ಕೆ ತಿರುಗಿಸಿ) ಬರುವ ಶಕ್ತಿಯೇ ಅವುಗಳ ಊಟ. ಇವುಗಳಿಂದ ವೇಗ ಹತ್ತು ಲಕ್ಷ ಪಟ್ಟು ಹೆಚ್ಚುತ್ತದೆ ಎಂದು 1970ರಲ್ಲಿ ಫಿಲಿಪ್ ಸಿಂಗರ್ ಮತ್ತು ವರ್ನರ್ ಸ್ಟುಮ್ ತೋರಿಸಿದರು. ಹಾಗೆ ಉತ್ಕರ್ಷಗೊಂಡ ಕಬ್ಬಿಣ ಮರಳಿ ಪೈರೈಟನ್ನೇ ಕಡಿಯಲು ಹೋಗುತ್ತದೆ, ಇನ್ನಷ್ಟು ಆಮ್ಲ, ಇನ್ನಷ್ಟು ಕಬ್ಬಿಣ. ಒಮ್ಮೆ ಹತ್ತಿದ ಒಲೆ ತಾನೇ ಸೌದೆ ಎಳೆದುಕೊಂಡ ಹಾಗೆ.

ಇಲ್ಲಿಯವರೆಗೆ ಬಿಟ್ಟುಕೊಟ್ಟದ್ದು ಬಂಡೆ. ಬಿಟ್ಟುಕೊಟ್ಟದ್ದರಲ್ಲಿ ಎಷ್ಟು ನದಿಯಲ್ಲಿ ಉಳಿಯುತ್ತದೆ ಎನ್ನುವುದು ಎರಡನೆಯ ಅರ್ಧ. ಇದಕ್ಕೆ ನಾನು ಮಲೆನಾಡಿನ ಅಡಿಕೆ ತೋಟಕ್ಕೆ ಹೋಗುತ್ತೇನೆ, ಯಾಕೆಂದರೆ ನನ್ನ ಮೊದಲ ರಸಾಯನಶಾಸ್ತ್ರದ ಪಾಠ ನಡೆದದ್ದು ಅಲ್ಲಿ.

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮೈಲುತುತ್ತದ ನೀರು ಕಡುನೀಲಿ, ಹುಳಿ. ಸುಣ್ಣದ ತಿಳಿ ಸೇರುತ್ತಿದ್ದಂತೆ ಬಣ್ಣ ತೆಳುವಾಗಿ, ಆಕಾಶನೀಲಿಯ ಮೊಸರಿನಂತೆ ಗಟ್ಟಿಯಾಗುತ್ತದೆ. ಕರಗಿದ್ದ ತಾಮ್ರ ಹುಳಿ ಕಳೆದುಕೊಂಡು ಗರಣೆಗಟ್ಟಿತು, ಅಷ್ಟೆ. ಸುಣ್ಣ ಸಾಕಾಯಿತೇ ಎಂದು ನೋಡಲು ಅಪ್ಪಯ್ಯ ಪಿಎಚ್ ಕಾಗದ ತರುತ್ತಿರಲಿಲ್ಲ. (ಪಿಎಚ್ ಎಂದರೆ ಹುಳಿಯ ಅಳತೆ: 7 ಸಮ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು.) ಕತ್ತಿಯನ್ನು ಬೂದಿ ಹಾಕಿ ತಿಕ್ಕಿ, ಬಿಳಿಚಾದ ಅಲಗನ್ನು ಪೀಪಾಯಿಗೆ ಅದ್ದಿ ಒಂದು ನಿಮಿಷ ಹಿಡಿಯುತ್ತಿದ್ದರು. ಅಲಗಿನ ಮೇಲೆ ಕೆಂಪು ಛಾಯೆ ಕಟ್ಟಿದರೆ ನೀರಿನಲ್ಲಿ ಇನ್ನೂ ಬಿಡಿ ತಾಮ್ರವಿದೆ, ಇನ್ನೊಂದು ಚಿಪ್ಪು ಸುಣ್ಣ. ಕಟ್ಟದಿದ್ದರೆ ಕೊನೆಗಾರ ಮರ ಹತ್ತಬಹುದು. ಉಳಿದ ಮೈಲುತುತ್ತದ ನೀರನ್ನು ಮಾತ್ರ ಹಳ್ಳಕ್ಕೆ ಚೆಲ್ಲಬಾರದು ಎಂಬ ಕಟ್ಟಪ್ಪಣೆ. ಮೀನು ಮಗುಚಿಕೊಳ್ಳುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು.

ಈ ಪೀಪಾಯಿಯನ್ನು ಅಮೆರಿಕದ ಕೊಲರಾಡೋ ಪರ್ವತಗಳಲ್ಲಿ ಪ್ರಕೃತಿಯೇ ಇಟ್ಟಿದೆ. ಅಲ್ಲಿ ಸ್ನೇಕ್ ಎಂಬ ಪುಟ್ಟ ನದಿ ಪೈರೈಟ್ ತುಂಬಿದ ಬೆಟ್ಟದಿಂದ ಹುಳಿನೀರನ್ನು ಹೊತ್ತು ಇಳಿಯುತ್ತದೆ. ಅದರ ತಳ ತುಕ್ಕಿನ ಬಣ್ಣ. ಪಕ್ಕದ ಕಣಿವೆಯಿಂದ ಡೀರ್ ಕ್ರೀಕ್ ಎಂಬ ತೊರೆ, ಹುಳಿಯಿಲ್ಲದ ತಿಳಿನೀರು, ಬಂದು ಸೇರುತ್ತದೆ. ಸೇರಿದ ಜಾಗದಿಂದ ಕೆಳಕ್ಕೆ ಕಲ್ಲುಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ. ಅದು ಸುಣ್ಣವಲ್ಲ, ಅಲ್ಯುಮಿನಿಯಂ. ಎರಡು ನೀರು ಬೆರೆತು ಪಿಎಚ್ 5ರ ಸುತ್ತ ಏರಿದ ಕೂಡಲೇ ಅಲ್ಯುಮಿನಿಯಂ ಕರಗಿರಲಾರದೆ ಬಿಳಿಯ ಲೋಳೆಯಾಗಿ ಕಲ್ಲಿಗೆ ಅಂಟುತ್ತದೆ. ಈ ಸಂಗಮವನ್ನು 1960ರ ದಶಕದಿಂದ ಅಧ್ಯಯನ ಮಾಡುತ್ತಿದ್ದಾರೆ. ಡಯೇನ್ ಮೆಕ್‌ನೈಟ್ ಎಂಬ ವಿಜ್ಞಾನಿ ತಮ್ಮ ವೃತ್ತಿಜೀವನದ ದೊಡ್ಡ ಪಾಲನ್ನು ಇಂಥ ತೊರೆಗಳಿಗೇ ಕೊಟ್ಟಿದ್ದಾರೆ.

ಒಂದೊಂದು ಲೋಹಕ್ಕೂ ಹೀಗೆ ನದಿಯಿಂದ ಇಳಿಯುವ ತನ್ನದೇ ನಿಲ್ದಾಣವಿದೆ. ಕಬ್ಬಿಣ, ಉತ್ಕರ್ಷಗೊಂಡದ್ದು, ಪಿಎಚ್ 3 ದಾಟುತ್ತಿದ್ದಂತೆ ಇಳಿಯತೊಡಗುತ್ತದೆ. ಅಲ್ಯುಮಿನಿಯಂ 5ರ ಬಳಿ. ತಾಮ್ರ 6ರ ಸುಮಾರಿಗೆ ಕಬ್ಬಿಣದ ತುಕ್ಕಿಗೆ ಅಂಟಿಕೊಂಡು ಹೋಗುತ್ತದೆ. ಸತು, ಕ್ಯಾಡ್ಮಿಯಂ, ನಿಕಲ್ ಹಟಮಾರಿಗಳು, 7 ದಾಟಿದರೂ ಕೆಳಗಿಳಿಯಲು ಒಲ್ಲವು. ಹಾಗಾಗಿ ನದಿ ಮತ್ತೆ ತಿಳಿಯಾದ ಮೇಲೂ ಇವು ಅದರಲ್ಲಿ ಪ್ರಯಾಣ ಮಾಡುತ್ತಲೇ ಇರುತ್ತವೆ. ಕಿತ್ತಳೆ ಬಣ್ಣ ನೋಡಿ ಹೌಹಾರುವ ನಾವು ಬಣ್ಣ ಹೋದ ಜಾಗದಲ್ಲಿ ನಿಟ್ಟುಸಿರು ಬಿಡುತ್ತೇವೆ. ಮೀನಿನ ಲೆಕ್ಕ ಹಾಗಲ್ಲ.

ಇದೇ ಸ್ನೇಕ್ ನದಿಯ ಮೇಲ್ಭಾಗದಲ್ಲಿ ಗಣಿಯ ಹಂಗಿಲ್ಲದ ಭಾಗವೊಂದಿದೆ. ಅಲ್ಲಿನ ಸತುವಿನ ಪ್ರಮಾಣ ಮೂವತ್ತು ವರ್ಷಗಳಲ್ಲಿ ನಾಲ್ಕು ಪಟ್ಟಾಯಿತು ಎಂದು 2012ರಲ್ಲಿ ವರದಿಯಾಯಿತು. ಬಂಡೆ ಬದಲಾಗಿರಲಿಲ್ಲ. ಬೇಸಿಗೆ ಬಿಸಿಯಾಗಿತ್ತು, ಹಿಮ ಬೇಗ ಕರಗುತ್ತಿತ್ತು, ಬೆಟ್ಟದೊಳಗಿನ ನೀರಿನ ಮಟ್ಟ ಕೆಳಗಿಳಿದು, ಹಿಂದೆ ನೀರಲ್ಲಿ ಮುಳುಗಿದ್ದ ಪೈರೈಟಿಗೆ ಗಾಳಿ ತಾಗತೊಡಗಿತ್ತು. ಅಲಾಸ್ಕಾದ ಸುದ್ದಿ ಬರುವ ಮೊದಲೇ ಬಂದ ಸೂಚನೆ ಅದು. ಆಗ ಹೆಚ್ಚು ಜನ ಕಿವಿಗೊಟ್ಟಂತೆ ಕಾಣಲಿಲ್ಲ.

ಅಲಾಸ್ಕಾಕ್ಕೆ ವಾಪಸು ಬರೋಣ. ಅಲ್ಲಿ ಬೆಟ್ಟಕ್ಕೆ ಮುಚ್ಚಳ ಹಾಕಿದ್ದು ಪರ್ಮಾಫ್ರಾಸ್ಟ್. ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೇ ಇರುವ ನೆಲಕ್ಕೆ ಆ ಹೆಸರು. ಲೆಕ್ಕದ ವ್ಯಾಖ್ಯೆ ಎರಡು ವರ್ಷ. ನಿಜದಲ್ಲಿ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ ನೆಲವೇ ಹೆಚ್ಚು. ಬೇಸಿಗೆಯಲ್ಲಿ ಮೇಲಿನ ಒಂದಿಷ್ಟು ಪದರ ಕರಗಿ, ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಅದರ ಕೆಳಗಿನ ಬಂಡೆಗೆ ನೀರೂ ಹೋಗದು, ಗಾಳಿಯೂ ಹೋಗದು. ಸೀಲು ಮಾಡಿದ ಡಬ್ಬಿ. ಈಗ ಕರಗುವ ಪದರ ದಪ್ಪವಾಗುತ್ತಿದೆ, ಆಮ್ಲಜನಕ ತುಂಬಿದ ತಣ್ಣೀರು ಹೊಸ ದಾರಿ ಹಿಡಿದು ಕೆಳಗಿಳಿಯುತ್ತಿದೆ, 30 ಕೋಟಿ ವರ್ಷದ ಹಳೆಯ ಸಲ್ಫೈಡಿಗೆ ತಾಗುತ್ತಿದೆ. ಚಳಿ ಇಷ್ಟು ಕಾಲ ಮಾಡಿದ್ದು ಬಂಡೆ ಕೊಳೆಯುವುದನ್ನು ತಡೆದದ್ದಲ್ಲ, ಮುಂದಕ್ಕೆ ಹಾಕಿದ್ದು. ಸಾಲ ತೀರಿಸುವ ದಿನವನ್ನು ಮುಂದೂಡಿದ ಹಾಗೆ. ಅಸಲು ಅಲ್ಲೇ ಇತ್ತು.

ಇದನ್ನು ಹತ್ತಿರದಿಂದ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಅದೇ ಉದ್ಯಾನದಲ್ಲಿ ಅಕಿಲಿಕ್ ಎಂಬ ನದಿಯ ಮೇಲ್ತೊರೆಯೊಂದನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ಜೊನಾಥನ್ ಒ'ಡಾನೆಲ್ ತಂಡ ಬೇರೆ ಕೆಲಸಕ್ಕಾಗಿ ಗಮನಿಸುತ್ತಿತ್ತು. 2017ರಲ್ಲಿ ತೊರೆ ತಿಳಿಯಾಗಿತ್ತು. ತಳದ ಕಲ್ಲುಗಳ ಮೇಲೆ ಪಾಚಿ, ಹುಳು, ಡಾಲಿ ವಾರ್ಡನ್ ಎಂಬ ಮೀನಿನ ಮರಿಗಳು, ಕಲ್ಲಿನಡಿ ಅವಿತುಕೊಳ್ಳುವ ಸ್ಕಲ್ಪಿನ್ ಮೀನು. 2018ರಲ್ಲಿ ಅದೇ ತೊರೆ ಕಿತ್ತಳೆ. ಮೀನುಗಳು ಎರಡೂ ಜಾತಿಯವು ಮಾಯ. ಒಂದೇ ವರ್ಷದ ಅಂತರ. ನದಿ ವಿಜ್ಞಾನದಲ್ಲಿ ‘ಮೊದಲು’ ಮತ್ತು ‘ಆಮೇಲೆ’ ಇಷ್ಟು ಸ್ಪಷ್ಟವಾಗಿ ಸಿಗುವುದು ಅಪರೂಪ. ಸಿಕ್ಕಿದ್ದು ಅದೃಷ್ಟ ಎನ್ನಲು ಬಾಯಿ ಬರುವುದಿಲ್ಲ.

2024ರಲ್ಲಿ ಒ'ಡಾನೆಲ್, ಬ್ರೆಟ್ ಪೌಲಿನ್ ಮುಂತಾದವರು ಬ್ರೂಕ್ಸ್ ಶ್ರೇಣಿಯಲ್ಲಿ ಇಂಥ 75 ತೊರೆಗಳನ್ನು ಪಟ್ಟಿ ಮಾಡಿ ಪ್ರಕಟಿಸಿದರು. ಉಪಗ್ರಹದ ಚಿತ್ರಗಳಲ್ಲಿ ಹಿಂದಕ್ಕೆ ಹೋಗಿ ನೋಡಿದರೆ ಕಲೆ 2008ರಷ್ಟು ಹಿಂದೆಯೇ ಕಾಣಿಸುತ್ತದೆ. ಆ ಪ್ರದೇಶದ ನದಿಗಳ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು. ಕೆಲವು ಮಾದರಿಗಳಲ್ಲಿ 2.3 ಬಂತು. ನಿಂಬೆರಸದ ಹುಳಿ ಎಂದುಕೊಳ್ಳಿ. ಗುಡ್ಡದ ಇಳಿಜಾರಿನಲ್ಲಿ ಹುಳಿನೀರು ಒಸರುವ ಕಡೆ ಗಿಡಪಾಚಿಯೆಲ್ಲ ಸುಟ್ಟಂತೆ ಕಪ್ಪಾಗಿದ್ದುದನ್ನೂ ಸಂಶೋಧಕರು ಕಂಡರು. ಮರುವರ್ಷ ಪ್ಯಾಟ್ರಿಕ್ ಸಲಿವನ್ ಮತ್ತು ಸಂಗಡಿಗರು ಸಾಲ್ಮನ್ ನದಿಯ ಲೆಕ್ಕ ಹೊರತಂದರು: ಕಬ್ಬಿಣ, ಅಲ್ಯುಮಿನಿಯಂ, ಕ್ಯಾಡ್ಮಿಯಂಗಳಂಥವು ಜಲಚರಗಳಿಗೆ ಸುರಕ್ಷಿತವೆಂದು ಅಮೆರಿಕದ ಪರಿಸರ ಸಂಸ್ಥೆ ಹಾಕಿದ ಗೆರೆಯನ್ನು ದಾಟಿದ್ದವು.

ಮೀನಿಗೆ ಇದು ಎರಡು ಕಡೆಯಿಂದ ಏಟು. ಸಾಲ್ಮನ್ ಜಾತಿಯ ಹೆಣ್ಣು ಮೀನು ಬಾಲದಿಂದ ಜಲ್ಲಿಯನ್ನು ಗೋರಿ ಗುಳಿ ಮಾಡಿ ಮೊಟ್ಟೆಯಿಟ್ಟು ಮೇಲೆ ಜಲ್ಲಿ ಸರಿಸುತ್ತದೆ. ಚಳಿಗಾಲವಿಡೀ ಮೊಟ್ಟೆ ಉಸಿರಾಡುವುದು ಜಲ್ಲಿಯ ಸಂದುಗಳಲ್ಲಿ ಹರಿಯುವ ನೀರಿನಿಂದ. ಕಬ್ಬಿಣದ ಗಷ್ಟು ಆ ಸಂದುಗಳನ್ನು ಮೆತ್ತಿಬಿಡುತ್ತದೆ. ಇನ್ನೊಂದು ಏಟು ಕಿವಿರಿಗೆ. ಮೀನು ನೀರಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳುವ ಬಾಗಿಲಿನಲ್ಲೇ ಸತುವೂ ಕ್ಯಾಡ್ಮಿಯಂ ಕೂಡ ನುಗ್ಗುತ್ತವೆ. ಆದ್ದರಿಂದಲೇ ಸುಣ್ಣಾಂಶ ಹೆಚ್ಚಿರುವ ಗಡಸುನೀರಿನಲ್ಲಿ ಅಷ್ಟೇ ಸತು ಕಡಿಮೆ ವಿಷ. ಬಾಗಿಲಲ್ಲಿ ಕ್ಯಾಲ್ಸಿಯಮ್ಮಿನ ನೂಕುನುಗ್ಗಲು ಇರುತ್ತದೆ.

ಸುಣ್ಣದ ಬಗ್ಗೆ ಇನ್ನೊಂದು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಕೆನಡಾದ ಪೀಲ್ ಪ್ರಸ್ಥಭೂಮಿಯಲ್ಲಿ ಪರ್ಮಾಫ್ರಾಸ್ಟ್ ಕುಸಿದು ತೆರೆದುಕೊಂಡ ನೆಲದಲ್ಲಿ ಸಲ್ಫೈಡೂ ಇದೆ, ಕಾರ್ಬೊನೇಟೂ ಇದೆ. ಆಮ್ಲ ಹುಟ್ಟಿದ ಕಡೆಯೇ ಸುಣ್ಣ ಅದನ್ನು ನುಂಗುವುದರಿಂದ ನದಿ ಹುಳಿಯಾಗುವುದಿಲ್ಲ. ಆದರೆ ಗಂಧಕಾಮ್ಲ ಕಾರ್ಬೊನೇಟನ್ನು ಕರಗಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬಂಡೆಯ ಶಿಥಿಲೀಕರಣ ಗಾಳಿಯಿಂದ ಇಂಗಾಲವನ್ನು ಹೀರುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಅಲ್ಲಿ ಲೆಕ್ಕ ತಿರುಗುಮುರುಗು.

ಚಳಿನಾಡಿನ ನದಿಗಳೆಲ್ಲ ಹೀಗೆಯೇ ಎಂದು ನೀವು ಮನೆಗೆ ಹೋಗಬಾರದು. ಉತ್ತರ ಸ್ವೀಡನ್ನಿನ ಕಾಲಿಕ್ಸ್ ನದಿಯೂ ಕಬ್ಬಿಣ ಹೊರುತ್ತದೆ, ಆದರೆ ಅದರ ಬಣ್ಣ ಚಹಾದ ಕಂದು. ಅಲ್ಲಿ ಕಬ್ಬಿಣವನ್ನು ತೇಲಿಸುವುದು ಆಮ್ಲವಲ್ಲ, ಜೌಗುನೆಲದ ಕೊಳೆತ ಸಸ್ಯಾಂಶ. ಆ ಸಸ್ಯಾಂಶದ ಹ್ಯೂಮಿಕ್ ಎಂಬ ಕಣಗಳು ಕಬ್ಬಿಣವನ್ನು ಅಪ್ಪಿಕೊಂಡು, ಇಳಿಯಲು ಬಿಡದೆ ಸಾಗಿಸುತ್ತವೆ. ವರ್ಷದ ಬಹುಪಾಲು ಲೋಹ ಸಾಗುವುದು ಹಿಮ ಕರಗುವ ಕೆಲವೇ ವಾರಗಳಲ್ಲಿ. ಸೈಬೀರಿಯಾದ ಲೀನಾ, ಓಬ್, ಯೆನಿಸೇ ನದಿಗಳದ್ದೂ ಸ್ಥೂಲವಾಗಿ ಇದೇ ನಡೆ. ಆರ್ಕ್‌ಟಿಕ್ ಸಾಗರದಲ್ಲಿರುವುದು ಜಗತ್ತಿನ ಸಮುದ್ರದ ನೀರಿನ ಶೇಕಡ 1ರಷ್ಟು, ಅದಕ್ಕೆ ಬಂದು ಬೀಳುವ ನದಿನೀರು ಜಗತ್ತಿನ ಒಟ್ಟು ನದಿನೀರಿನ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು. ಹಾಗಾಗಿ ಈ ಕಂದುನೀರಿನ ಲೋಹಗಳ ಗುರುತು ಧ್ರುವದ ಸಮೀಪದವರೆಗೂ ಸಿಗುತ್ತದೆ.

ಅಂಟಾರ್ಕ್‌ಟಿಕಾದ ಓನಿಕ್ಸ್ ನದಿ ಇನ್ನೊಂದು ತುದಿ. ಆ ಖಂಡದ ಅತಿ ಉದ್ದದ ನದಿ, ಉದ್ದ ಬರೀ 32 ಕಿಲೋಮೀಟರ್. ಮಣ್ಣಿಲ್ಲ, ಗಿಡವಿಲ್ಲ, ಜೌಗಿಲ್ಲ. ವರ್ಷಕ್ಕೆ ಸುಮಾರು ಎರಡು ತಿಂಗಳು ಹರಿದು, ಸಮುದ್ರಕ್ಕೆ ಬೆನ್ನುಹಾಕಿ ವಾಂಡಾ ಸರೋವರಕ್ಕೆ ಬೀಳುತ್ತದೆ. ಅಷ್ಟು ಚಳಿಯಲ್ಲೂ ಅಲ್ಲಿನ ತೊರೆಗಳ ಇಕ್ಕೆಲದ ಒದ್ದೆ ಮರಳಿನಲ್ಲಿ ಖನಿಜ ಚುರುಕಾಗಿಯೇ ಕರಗುತ್ತದೆ, ಯಾಕೆಂದರೆ ಪುಡಿಬಂಡೆಯ ನಡುವೆ ನೀರು ಒಳಗೂ ಹೊರಗೂ ಓಡಾಡುತ್ತಿರುತ್ತದೆ.

‘ಕರಗಿದ’ ಎಂಬ ಪದವನ್ನು ನಾನು ಇಷ್ಟು ಹೊತ್ತು ಧಾರಾಳವಾಗಿ ಬಳಸಿದೆ. ಅದರ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ. ಪ್ರಯೋಗಶಾಲೆಯಲ್ಲಿ ನೀರನ್ನು 0.45 ಮೈಕ್ರಾನ್ ರಂಧ್ರದ ಸೋಸುಹಾಳೆಯಲ್ಲಿ ಸೋಸುತ್ತೇವೆ. ಕೆಳಗಿಳಿದದ್ದು ಕರಗಿದ್ದು, ಮೇಲುಳಿದದ್ದು ಕಣ. ಇದು ನಮ್ಮ ಅನುಕೂಲದ ಗೆರೆ, ನದಿಯದ್ದಲ್ಲ. ಗ್ರೀನ್‌ಲ್ಯಾಂಡಿನ ಹಿಮನದಿಗಳ ನೀರಿನಲ್ಲಿ ಬಂಡೆಯನ್ನು ಎಷ್ಟು ನುಣ್ಣಗೆ ಅರೆದಿರುತ್ತದೆ ಎಂದರೆ ಕಬ್ಬಿಣದ ಎಷ್ಟೋ ಕಣಗಳು ಆ ರಂಧ್ರದಲ್ಲಿ ನುಸುಳಿ ‘ಕರಗಿದ’ ಲೆಕ್ಕಕ್ಕೆ ಸೇರಿಬಿಡುತ್ತವೆ. ಇನ್ನೂ ಸಣ್ಣ ರಂಧ್ರದಲ್ಲಿ ಸೋಸಿದರೆ ಅಂಕಿ ದಡಕ್ಕನೆ ಇಳಿಯುತ್ತದೆ.

ಕೈಯ ಕೊಳೆ ಇನ್ನೊಂದು ತಾಪತ್ರಯ. ಸತು ಎಲ್ಲೆಲ್ಲೂ ಇದೆ: ತಗಡಿನ ಬಕೆಟ್, ರಬ್ಬರಿನ ಬಿರಡೆ, ಕೈಗವಸಿನ ಪುಡಿ, ಚರ್ಮ. 1985ರಲ್ಲಿ ಅಲನ್ ಶಿಲರ್ ಮತ್ತು ಎಡ್ವರ್ಡ್ ಬಾಯ್ಲ್ ಅತಿ ಶುದ್ಧ ವಿಧಾನದಲ್ಲಿ ನದಿಗಳ ಸತುವನ್ನು ಅಳೆದು ನೋಡಿದಾಗ, ಕೈತಾಗದ ನದಿಗಳಲ್ಲಿ ಅದರ ನಿಜವಾದ ಪ್ರಮಾಣ ಅಲ್ಲಿಯವರೆಗೆ ನಂಬಿದ್ದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಇತ್ತು. ದಶಕಗಳ ಕಾಲ ಪ್ರಾಮಾಣಿಕ ಜನ ತಮ್ಮ ಬಾಟಲಿಗಳನ್ನೇ ಅಳೆದಿದ್ದರು. ಅದೇ ಕೆಲಸದಿಂದ ಇನ್ನೊಂದೂ ಗೊತ್ತಾಯಿತು: ನದಿಯ ಸತುವನ್ನು ಮುಖ್ಯವಾಗಿ ನಿರ್ಧರಿಸುವುದು ಪಿಎಚ್. ನಮ್ಮ ಪೀಪಾಯಿಯ ಪಾಠವೇ, ಇನ್ನೂ ಸೂಕ್ಷ್ಮದಲ್ಲಿ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಹಿಮಾಲಯದಲ್ಲೂ ಹೀಗಾಗುತ್ತದೆಯೇ ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು. ಕೆಳ ಹಿಮಾಲಯದಲ್ಲೂ ಕಪ್ಪುಶಿಲೆ ಇದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಎಸ್. ಕೃಷ್ಣಸ್ವಾಮಿ ಮತ್ತು ಸಹೋದ್ಯೋಗಿಗಳು ಅದರಿಂದ ರೀನಿಯಂ, ಆಸ್ಮಿಯಂನಂಥ ಅಪರೂಪದ ಲೋಹಗಳು ಹೇಗೆ ಬಿಡುಗಡೆಯಾಗುತ್ತವೆ ಎಂದು ಪರಿಶೀಲಿಸಿದ್ದಾರೆ. ಆದರೆ ಅಲ್ಲಿ ಸುಣ್ಣಶಿಲೆಯೂ ಧಾರಾಳ, ಹಾಗಾಗಿ ಗಂಗೆಯ ಮೇಲ್ತೊರೆಗಳು ಸಾಲ್ಮನ್ನಿನಂತೆ ಹುಳಿಯಾಗಿ ಹರಿಯುವುದಿಲ್ಲ. ಸಾಲ್ಮನ್ ನದಿಯ ಮೀನು ತಿನ್ನಬಹುದೇ ಎಂದು ಇನ್ನೊಬ್ಬರ ಪ್ರಶ್ನೆ. ತಿನ್ನುವ ಮಾಂಸದಲ್ಲಿರುವ ಲೋಹ ಸದ್ಯಕ್ಕೆ ಮನುಷ್ಯರಿಗೆ ಅಪಾಯದ ಮಟ್ಟದಲ್ಲಿಲ್ಲ ಎಂದು ಸಂಶೋಧಕರು ಹೇಳಿದ್ದಾರೆ. ತಿನ್ನಲು ಮೀನು ಇರುತ್ತದೆಯೇ ಎನ್ನುವುದೇ ಅಲ್ಲಿನವರ ಚಿಂತೆ.

ಕೊನೆಯ ಸಾಲಿನಲ್ಲಿ ಕುಳಿತಿದ್ದ ಅಡಿಕೆ ಬೆಳೆಗಾರರೊಬ್ಬರು ಎದ್ದು, “ಅಲ್ಲ ಮೇಷ್ಟ್ರೇ, ಅಲ್ಲಿಗೂ ಒಂದಿಷ್ಟು ಸುಣ್ಣ ಹಾಕಬಹುದಲ್ಲ?” ಎಂದರು. ಎಲ್ಲರೂ ನಕ್ಕರು, ಆದರೆ ಒಳ್ಳೆಯ ಪ್ರಶ್ನೆ. ಗಣಿಯ ನೀರಿಗೆ ಹಾಕುವುದು ಅದನ್ನೇ. ಗಣಿಯ ನೀರು ಒಂದು ಕೊಳವೆಯಲ್ಲಿ ಬರುತ್ತದೆ. ಅಲಾಸ್ಕಾದಲ್ಲಿ ರಸ್ತೆಯಿಲ್ಲದ ಬೆಟ್ಟಗಳಲ್ಲಿ ಹತ್ತಾರು ತೊರೆ, ಒಂದೊಂದಕ್ಕೂ ಎಷ್ಟೋ ಒಸರು. ಸುಣ್ಣಕಲ್ಲು ಇರುವ ಕಡೆ ನದಿ ತಾನೇ ಆ ಕೆಲಸ ಮಾಡಿಕೊಳ್ಳುತ್ತದೆ, ಆಗಲೂ ಸತು ಪೂರ್ತಿ ಇಳಿಯುವುದಿಲ್ಲ ಎಂದೆ.

“ಇಳಿಯಿತೋ ಇಲ್ಲವೋ ಕತ್ತಿ ಅದ್ದಿ ನೋಡಿದರಾಯಿತು” ಎಂದರು ಅವರು, ಕುಳಿತುಕೊಳ್ಳುತ್ತಾ.

ಕತ್ತಿಗೆ ಹತ್ತುವುದು ತಾಮ್ರ ಮಾತ್ರ. ಸತು ಕಬ್ಬಿಣಕ್ಕಿಂತ ಚುರುಕಿನ ಲೋಹ, ಅಲಗಿನ ಮೇಲೆ ಕೂರುವುದಿಲ್ಲ. ಮೀನು ಸಾಯುವಷ್ಟು ಸತುವಿರುವ ತಿಳಿನೀರಿನಲ್ಲಿ ಅದ್ದಿದರೂ ಕತ್ತಿ ಹೋದ ಹಾಗೆಯೇ ಬೆಳ್ಳಗೆ ವಾಪಸು ಬರುತ್ತದೆ.